ಮಗುವಿನ ಕೌದಿಗೆ ಧಾರೆ ಸೀರೆ ಬೇಡ, ಲುಂಗಿ ತನ್ನಿ

ಸಾಗರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸು, ಫಾಲ್ಸು, ಸ್ಕೂಲ್ ಯೂನಿಫಾರಂ ಇವೇ ಜಾಸ್ತಿ. ಈಚೆಗೆ ಬಾಣಂತಿ ಇರುವ ಮನೆಗಳಿಂದ ಇನ್ನೊಂದು ಕೆಲಸ ಬರುತ್ತಿದೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ ಎಲ್ಲರ ಹಳೆ ಬಟ್ಟೆ ಜೋಡಿಸಿ ಮಗುವಿಗೊಂದು ಕೌದಿ ಹೊಲಿದು ಕೊಡಬೇಕು. ಇದರಲ್ಲಿ ಹೊಲಿಗೆಗಿಂತ ಬಟ್ಟೆ ಆರಿಸುವುದೇ ದೊಡ್ಡ ಕೆಲಸ.

ಎಲ್ಲರೂ ಮೊದಲು ತರುವುದು ಬೀರುವಿನಲ್ಲಿ ಜೋಪಾನ ಮಾಡಿಟ್ಟಿದ್ದನ್ನು. ಧಾರೆ ಸೀರೆ, ರಿಸೆಪ್ಷನ್ ಕೋಟು, ಚಮಕಿ ಲಂಗ. ಜರಿ ಮಗುವಿನ ಮೈಗೆ ಚುಚ್ಚುತ್ತದೆ. ಚಮಕಿ ಕಿತ್ತು ಬಾಯಿಗೆ ಹೋಗುತ್ತದೆ. ರೇಷ್ಮೆ ದಿನಾ ಒಗೆದರೆ ಉಳಿಯುವುದಿಲ್ಲ, ಕೂಸು ಉಚ್ಚೆ ಹೊಯ್ಯದೆ ಇರುತ್ತಾ? ನಾನು ಕೇಳುವುದು ಅಜ್ಜನ ಪಂಚೆ, ಅಪ್ಪನ ಲುಂಗಿ, ಅಜ್ಜಿ ಮನೆಯಲ್ಲಿ ಉಡುವ ಕಾಟನ್ ಸೀರೆ. ಒಗೆದು ಒಗೆದು ಮೆತ್ತಗಾಗಿರುತ್ತದೆ, ಕುಗ್ಗುವಷ್ಟು ಕುಗ್ಗಿಯೂ ಆಗಿರುತ್ತದೆ. ಹಿಂದಿನವರು ಕೂಸಿಗೆ ಮೊದಲು ಹಳೆ ಬಟ್ಟೆ ಸುತ್ತುತ್ತಿದ್ದುದು ಸುಮ್ನೆ ಅಲ್ಲ.

ಬಟ್ಟೆ ಹತ್ತಿಯೋ ಅಲ್ಲವೋ ಅಂತ ಅನುಮಾನ ಬಂದರೆ ಒಂದು ಎಳೆ ಕಿತ್ತು ಬೆಂಕಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಕೆಂಪು, ಕಡುನೀಲಿ ಇದ್ದರೆ ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡುತ್ತೇನೆ. ಬಣ್ಣ ಬಿಟ್ಟರೆ ಆ ತುಂಡು ಬೇಡ. ಆಮೇಲೆ ಬೆಳಕಿಗೆ ಹಿಡಿಯುವುದು. ಪಂಚೆ ಕೂರುವ ಕಡೆ ಸವೆದಿರುತ್ತದೆ, ಅಂಚಿನ ಹತ್ತಿರ ಗಟ್ಟಿ ಇರುತ್ತದೆ. ಅಂಗಿಯಲ್ಲಿ ಕಾಲರ್, ಮೊಣಕೈ ಬಿಟ್ಟು ಬೆನ್ನಿನ ಭಾಗ ತೆಗೆದುಕೊಳ್ಳಿ.

ಕಲೆಯ ಬಗ್ಗೆ ಒಂದು ಮಾತು. ಅಡಿಕೆ ಬೆಳೆಯುವ ಮನೆಯವರ ಅಂಗಿಯಲ್ಲಿ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನ, ಕಲೆ ಇದ್ದೇ ಇರುತ್ತದೆ. "ಅಕ್ಕಾ, ಕಲೆ ಇರೋ ಕಡೆ ಬಿಟ್ಟು ಕತ್ತರಿಸಿ" ಅಂತಾರೆ. ನಾನು ಬೇಕಂತಲೇ ಅದನ್ನು ಇಟ್ಟುಕೊಳ್ಳಿ ಅನ್ನುತ್ತೇನೆ. ಸೋಪಿಗೂ ಹೋಗದ ಬಣ್ಣ ಅದು. ಇಲ್ಲೇ ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಕೈಮಗ್ಗ ಸಂಘದವರು ಚೊಗರನ್ನೇ ಬಣ್ಣವಾಗಿ ಬಳಸುತ್ತಾರೆ, ಗೊತ್ತಲ್ವಾ. ಅಜ್ಜ ಅಡಿಕೆ ಬೇಯಿಸುವಾಗ ಹಾಕಿದ್ದ ಅಂಗಿ ಅಂತ ಹೇಳಲು ಆ ಕಲೆಗಿಂತ ಬೇರೆ ಗುರುತು ಬೇಕಾ?

ಅಳತೆ ಸರಳ. ಐದೂವರೆ ಇಂಚಿನ ಚೌಕ, ಸುತ್ತ ಕಾಲಿಂಚು ಹೊಲಿಗೆಗೆ. ಏಳು ಸಾಲು, ಸಾಲಿಗೆ ಏಳು, ಒಟ್ಟು 49 ತುಂಡು. ಹೊಲಿದಾಗ 35 ಇಂಚು ಚೌಕ. ಕತ್ತರಿಸುವಾಗ ಎಳೆಯ ನೇರಕ್ಕೇ ಹೋಗಬೇಕು, ಓರೆಯಾದರೆ ಜಗ್ಗಿ ಮೂಲೆ ಕೂರುವುದಿಲ್ಲ. ಟೀ ಶರ್ಟ್ ತಂದರೆ ಹಿಂದೆ ತೆಳು ಪೇಸ್ಟಿಂಗ್ (ಇಸ್ತ್ರಿ ಹಾಕಿ ಅಂಟಿಸುವ ಬಟ್ಟೆ) ಹಾಕದೆ ಮುಟ್ಟಬೇಡಿ. ಗುಂಡಿ, ಹುಕ್ಕು ಎಲ್ಲ ತೆಗೆಯಿರಿ. ಅಜ್ಜನ ಜೇಬು ಬೇಕೇ ಬೇಕು ಅಂದರೆ ಜೇಬಿನ ಬಾಯಿ ಮುಚ್ಚಿ ಹೊಲಿದುಬಿಡಿ.

ಒಳಗೆ ಪಾಲಿಯೆಸ್ಟರ್ ವ್ಯಾಡಿಂಗ್ (ಪದರಗಳ ನಡುವೆ ತುಂಬುವ ಮೆತ್ತನೆ ಹಾಳೆ) ಹಾಕಿದರೆ ಉಬ್ಬಿಕೊಂಡು ಚೆಂದ ಕಾಣುತ್ತದೆ, ನಿಜ. ನಾನು ಹಾಕುವುದು ಹಳೆ ಕಾಟನ್ ಸೀರೆಯ ಎರಡೇ ಪದರ. ನಮ್ಮ ಮಳೆಗಾಲದಲ್ಲಿ ದಪ್ಪ ಕೌದಿ ಒಣಗಿಸುವುದು ಯಾರಿಂದಾಗುತ್ತದೆ? ಬಚ್ಚಲೊಲೆ ಹತ್ತಿರ ಹರಡಿದರೆ ರಾತ್ರಿ ಕಳೆಯುವುದರೊಳಗೆ ಒಣಗುವಂತಿರಬೇಕು. ತಲುಪಿಸುವಾಗ ಇನ್ನೊಂದು ಹೇಳುತ್ತೇನೆ. ವರ್ಷ ತುಂಬುವವರೆಗೆ ಮಲಗಿದ ಮಗುವಿನ ಮೇಲೆ ಹೊದಿಸಬೇಡಿ, ಮುಖಕ್ಕೆ ಬೀಳಬಹುದು. ಎಚ್ಚರವಿದ್ದಾಗ ಹಾಸಿ ಆಡಿಸಿ.

ತೀರಿಕೊಂಡವರ ಬಟ್ಟೆ ಮಾತ್ರ ಅಳತೆ ಟೇಪಿನ ಲೆಕ್ಕ ಅಲ್ಲ. ಕೆಲವು ಮನೆಗಳಲ್ಲಿ ಅದೇ ಮೊದಲು ಬೇಕು, ಕೆಲವರಲ್ಲಿ ಕೂಸಿಗೆ ತಾಗಿಸುವುದೇ ಇಲ್ಲ. ತಂದುಕೊಟ್ಟ ಸೊಸೆಗೆ ಒಂದು ಮನಸ್ಸು, ಮನೆಯಲ್ಲಿರುವ ಅತ್ತೆಗೆ ಇನ್ನೊಂದು. ಹಾಗಾಗಿ ಕತ್ತರಿ ಹಾಕುವ ಮುಂಚೆ ಮನೆಯ ಹಿರಿಯರ ಹತ್ತಿರ ನಾನೇ ಫೋನಿನಲ್ಲಿ ಮಾತಾಡುತ್ತೇನೆ. "ಬೇಡಮ್ಮ" ಅಂದರೆ ಆ ಬಟ್ಟೆ ಇಸ್ತ್ರಿ ಮಾಡಿ ವಾಪಸ್ ಕಳಿಸುತ್ತೇನೆ, ಆ ಜಾಗಕ್ಕೆ ಲುಂಗಿಯದೇ ಇನ್ನೊಂದು ತುಂಡು.