‘ಅಡ್ವೆಂಚರ್ ಐಲ್ಯಾಂಡ್’ ನಿಜವಾಗ್ಲೂ ಮುಗಿಯುತ್ತಾ?

ಹಳೆಯ ಟಿವಿ ಗೇಮ್‌ಗಳ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು ನನಗೆ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಮಾರಿಯೋ ಮುಗಿಸಿದ್ವಿ, ಕಾಂಟ್ರಾನೂ ಮುಗಿಸಿದ್ವಿ. ಆ ಹುಲ್ಲಿನ ಲಂಗ ಹಾಕ್ಕೊಂಡು ಕೊಡಲಿ ಎಸೀತಾ ಓಡ್ತಾನಲ್ಲ, ಅವನದ್ದು ಮಾತ್ರ ಆಗ್ಲೇ ಇಲ್ಲ. ಅದು ನಿಜವಾಗ್ಲೂ ಮುಗಿಯುತ್ತಾ? ಯಾಕೆ ಅಷ್ಟು ಕಷ್ಟ ಮಾಡಿಟ್ಟಿದ್ದಾರೆ?"

ಮುಗಿಯುತ್ತದೆ. ಒಟ್ಟು 8 ಏರಿಯಾ, ಒಂದೊಂದರಲ್ಲಿ 4 ರೌಂಡ್, ಅಂದರೆ 32. ಅಷ್ಟೇ. ನಮ್ಮಲ್ಲಿ ಹೆಚ್ಚಿನವರು ಮೂರನೇ ಏರಿಯಾದ ಮುಖ ನೋಡುವ ಹೊತ್ತಿಗೆ ಊಟಕ್ಕೆ ಕರೆ ಬಂದಿರುತ್ತಿತ್ತು, ಇಲ್ಲವೇ ಅಡಾಪ್ಟರ್ ಕಾದು ಕೂತಿರುತ್ತಿತ್ತು. ಯಾಕೆ ಕಷ್ಟ ಅನ್ನುವುದಕ್ಕೆ ಮಾತ್ರ ಸ್ವಲ್ಪ ಉದ್ದದ ಉತ್ತರ ಬೇಕು.

ಮೊದಲು ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಜಪಾನಿನ ಹಡ್ಸನ್ ಕಂಪನಿ ಇದನ್ನು 1986ರ ಸೆಪ್ಟೆಂಬರಿನಲ್ಲಿ ನಿಂಟೆಂಡೋದ ಫ್ಯಾಮಿಕಾಂಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಸೆಟ್‌ಗೆ ತಂದಿತು. ಅದೇ ಸೆಟ್‌ನ ಅಮೆರಿಕದ ರೂಪ ಎನ್‌ಇಎಸ್‌ಗೆ ಬಂದದ್ದು 1988ರಲ್ಲಿ. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಮನೆಮನೆಗೆ ಬಂದದ್ದು ಅಸಲಿ ನಿಂಟೆಂಡೋ ಅಲ್ಲ, ಅದರ ನಕಲಿ ಸೆಟ್‌ಗಳು. ಜೊತೆಗೆ ‘9999 ಇನ್ 1’ ಅಂತ ಬರೆದಿದ್ದ ಕ್ಯಾಸೆಟ್. ಅದರಲ್ಲಿ ಇರುತ್ತಿದ್ದುದು ಕೆಲವೇ ಗೇಮ್. ಮಿಕ್ಕಿದ್ದೆಲ್ಲ ಅದೇ ಮಾರಿಯೋ, ಅದೇ ಕಾಂಟ್ರಾ, ಬೇರೆ ಹೆಸರಿನಲ್ಲಿ, ಬೇರೆ ಲೆವೆಲ್ಲಿನಿಂದ ಶುರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಚೌಕಾಸಿ ಮಾಡಿ ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗೇಮ್ ಹುಟ್ಟಿದ್ದು ಮನೆಗೆ ಅಂತ ಅಲ್ಲ. ನನ್ನ ಉತ್ತರದ ಬೇರು ಅಲ್ಲೇ ಇದೆ. ಇದರ ಮೂಲ ‘ವಂಡರ್ ಬಾಯ್’ ಅನ್ನುವ ಆರ್ಕೇಡ್ ಗೇಮ್. ಮಾಡಿದ್ದು ಎಸ್ಕೇಪ್ ಅನ್ನುವ ಸಣ್ಣ ಕಂಪನಿ, ಅದೇ ಮುಂದೆ ವೆಸ್ಟೋನ್ ಆಯಿತು. 1986ರಲ್ಲಿ ಸೇಗಾ ಅದನ್ನು ಹೊರತಂದಿತು. ‘ವಂಡರ್ ಬಾಯ್’ ಅನ್ನುವ ಹೆಸರು, ಆ ಹುಡುಗನ ಚಿತ್ರ, ಎರಡೂ ಸೇಗಾ ಕೈಯಲ್ಲಿದ್ದವು. ಗೇಮ್ ಮಾತ್ರ ಮಾಡಿದವರ ಕೈಯಲ್ಲೇ ಉಳಿದಿತ್ತು. ಹಡ್ಸನ್ ಅದನ್ನು ತೆಗೆದುಕೊಂಡು ಹುಡುಗನ ಜಾಗಕ್ಕೆ ತನ್ನದೇ ಕಂಪನಿಯ ನೌಕರನೊಬ್ಬನನ್ನು ತಂದು ನಿಲ್ಲಿಸಿತು! ತಕಹಾಶಿ ಮೇಯ್ಜಿನ್ ಅಂತ. ಸೆಕೆಂಡಿಗೆ 16 ಸಲ ಬಟನ್ ಒತ್ತುತ್ತಾನೆ ಅಂತ ಆಗಿನ ಜಪಾನಿ ಮಕ್ಕಳ ನಡುವೆ ಹೀರೋ ಆಗಿದ್ದವನು. ಜಪಾನಿನಲ್ಲಿ ಗೇಮಿನ ಹೆಸರೇ ‘ತಕಹಾಶಿ ಮೇಯ್ಜಿನ್ನನ ಸಾಹಸದ್ವೀಪ’. ಅಮೆರಿಕದಲ್ಲಿ ಅವನು ಯಾರಿಗೂ ಗೊತ್ತಿಲ್ಲ ನೋಡಿ, ಅಲ್ಲಿ ಅವನು ಮಾಸ್ಟರ್ ಹಿಗಿನ್ಸ್ ಆದ. ನಮ್ಮ ಬೀದಿಯಲ್ಲಿ ಕಾಡುಮನುಷ್ಯ.

ಆರ್ಕೇಡ್ ಅಂದರೆ ನಾಣ್ಯ ಹಾಕಿ ಆಡುವ ಯಂತ್ರ. ಒಂದು ನಾಣ್ಯ ಹಾಕಿದ ಹುಡುಗ ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟರೆ ಅಂಗಡಿಯವನಿಗೆ ನಷ್ಟ. ಹಾಗಾಗಿ ಇಂಥ ಯಂತ್ರಗಳಲ್ಲಿ ಆಡುವವನನ್ನು ಮುಂದಕ್ಕೆ ತಳ್ಳುವ ಏನಾದರೊಂದು ಇದ್ದೇ ಇರುತ್ತದೆ. ಇಲ್ಲಿ ಅದು ಹಸಿವು. ಪರದೆಯ ಮೇಲೆ ಒಂದು ಪಟ್ಟಿ ಇದೆಯಲ್ಲ, ಅದು ಸುಮ್ನೆ ನಿಂತರೂ ಕರಗುತ್ತದೆ, ಓಡಿದರೂ ಕರಗುತ್ತದೆ. ದಾರಿಯಲ್ಲಿ ಸಿಗುವ ಹಣ್ಣು ತಿಂದರೆ ಸ್ವಲ್ಪ ತುಂಬುತ್ತದೆ. ಖಾಲಿಯಾದರೆ ಮುಗೀತು, ಯಾರೂ ಮುಟ್ಟದೆಯೇ ಸಾಯುತ್ತಾನೆ. ಮನೆಗೆ ತಂದಾಗ ನಾಣ್ಯ ಹೋಯಿತು, ಹಸಿವು ಹಾಗೇ ಉಳಿಯಿತು.

ಮಾರಿಯೋದಲ್ಲೂ ಟೈಮ್ ಓಡುತ್ತದೆ, ನಿಜ. ಆದರೆ ಅಲ್ಲಿ ಹಳ್ಳದ ಅಂಚಿನಲ್ಲಿ ನಿಂತು, ಬರುವ ಆಮೆಯನ್ನು ನೋಡಿ, ಯೋಚಿಸಿ ನೆಗೆಯಲು ಧಾರಾಳವಾಗಿ ಸಮಯ ಇದೆ. ಮಶ್ರೂಮ್ ತಿಂದಿದ್ದರೆ ಒಂದು ಪೆಟ್ಟು ತಿನ್ನುವ ಅವಕಾಶವೂ ಇದೆ. ಇಲ್ಲಿ ಎರಡೂ ಇಲ್ಲ. ಬಸವನ ಹುಳು ತಾಗಿದರೂ ಸಾವೇ. ಯೋಚಿಸುತ್ತಾ ನಿಂತರೆ ಪಟ್ಟಿ ಇಳಿಯುತ್ತದೆ, ಓಡಿದರೆ ಎದುರಿಗೆ ಏನಿದೆ ಅಂತ ಕಾಣುವಷ್ಟರಲ್ಲಿ ಅದು ಕಾಲ ಬಳಿ ಬಂದಿರುತ್ತದೆ. ಈ ಗೇಮಿನ ಅಷ್ಟೂ ಕಷ್ಟ ಈ ಒಂದು ನಿಯಮದಿಂದಲೇ ಹುಟ್ಟುತ್ತದೆ ಅನ್ನುವುದು ನನ್ನ ವಾದ. ಶತ್ರುಗಳಲ್ಲಿ ಅಂಥ ವಿಶೇಷ ಏನೂ ಇಲ್ಲ. ಕಪ್ಪೆ ನೆಗೆಯುತ್ತದೆ, ಜೇಡ ಮೇಲೆ ಕೆಳಗೆ ಆಡುತ್ತದೆ, ಬಾವಲಿ ಹಾರುತ್ತದೆ. ಒಂದೊಂದನ್ನೇ ನಿಧಾನಕ್ಕೆ ನೋಡಿದರೆ ಎಲ್ಲವೂ ಪಾಪದವು.

ಒಂದು ಜಾಗ ಹತ್ತಿರದಿಂದ ನೋಡೋಣ. ಬಟನ್ ಒತ್ತಿ ಹಿಡಿದು ಓಡುತ್ತಿದ್ದೀರಿ. ದಾರಿಯಲ್ಲಿ ಮೊಣಕಾಲೆತ್ತರದ ಕಲ್ಲು. ಅದು ಕೊಲ್ಲುವುದಿಲ್ಲ, ಎಡವಿಸುತ್ತದೆ. ಎಡವಿದರೆ ಹಸಿವಿನ ಪಟ್ಟಿ ಸ್ವಲ್ಪ ಇಳಿಯುತ್ತದೆ, ಜೊತೆಗೆ ನಿಮ್ಮ ಓಟದ ಲಯವೂ ಕೆಡುತ್ತದೆ. ನೆಗೆತದ ಎತ್ತರ ಓಟದ ವೇಗಕ್ಕೆ ಅಂಟಿಕೊಂಡಿದೆ: ಓಡಿ ನೆಗೆದರೆ ಎತ್ತರ, ನಡೆದು ನೆಗೆದರೆ ಗಿಡ್ಡ. ಕಲ್ಲಿನ ಆಚೆ ಹಳ್ಳ ಇದೆ ಅಂದುಕೊಳ್ಳಿ. ಎಡವಿದವನಿಗೆ ಮತ್ತೆ ವೇಗ ಹಿಡಿಯಲು ಜಾಗ ಸಾಲುವುದಿಲ್ಲ. ಹಿಂದೆ ಸರಿದು ಓಡಿ ಬರೋಣ ಅಂದರೆ ಪಟ್ಟಿ ಇಳೀತಾ ಇದೆ. ಗಡಿಬಿಡಿಯಲ್ಲಿ ನೆಗೆಯುತ್ತೀರಿ, ಹಳ್ಳಕ್ಕೆ ಬೀಳುತ್ತೀರಿ. ಕೊಂದದ್ದು ಹಳ್ಳ ಅಂತ ಅನ್ನಿಸುತ್ತದೆ, ಅಸಲಿಗೆ ಆ ಕಲ್ಲು.

ಸ್ಕೇಟ್‌ಬೋರ್ಡ್ ಇನ್ನೂ ಮಜಾ. ಕೊಡಲಿಯಂಥ ಸಾಮಾನು ಅಡಗಿರುವ ಮೊಟ್ಟೆಗಳು ದಾರಿಯಲ್ಲಿ ಸಿಗುತ್ತವೆ. ಅಂಥ ಮೊಟ್ಟೆಯಿಂದ ಅದು ಹೊರಬಂದರೆ ಮಕ್ಕಳೆಲ್ಲ ಕೂಗುತ್ತಿದ್ದೆವು. ಹತ್ತಿದ ಮೇಲೆ ನಿಲ್ಲಿಸಲು ಆಗುವುದಿಲ್ಲ, ವೇಗ ಜಾಸ್ತಿ ಕಮ್ಮಿ ಮಾಡಬಹುದು ಅಷ್ಟೇ. ಬದಲಿಗೆ ಒಂದು ಪೆಟ್ಟಿನ ಉಳಿವು ಸಿಗುತ್ತದೆ. ಏನಾದರೂ ತಾಗಿದರೆ ಬೋರ್ಡ್ ಹೋಗುತ್ತದೆ, ಅವನು ಉಳಿಯುತ್ತಾನೆ. ಚೆನ್ನಾಗಿ ಆಡುವವರು ಸಿಕ್ಕ ಬೋರ್ಡನ್ನು ಬಿಡುವುದೇ ಇಲ್ಲ. ಹೊಸಬರು ಅದರ ಮೇಲೇ ಜಾಸ್ತಿ ಸಾಯುತ್ತಾರೆ. ಇನ್ನು ಕೆಲವು ಮೊಟ್ಟೆಗಳಲ್ಲಿ ಬದನೆಕಾಯಿ ಇರುತ್ತದೆ. ಅದು ಬೆನ್ನು ಹತ್ತಿ ಹಸಿವಿನ ಪಟ್ಟಿಯನ್ನು ಸರಸರ ಇಳಿಸುತ್ತದೆ. ಬದನೆಕಾಯಿ ಪಲ್ಯ ಬೇಡ ಅಂತ ಹಟ ಮಾಡುತ್ತಿದ್ದ ಹುಡುಗರಿಗೆ ಒಳ್ಳೆ ನೆಪ ಸಿಕ್ಕಿತ್ತು.

ಹಾಗಾದರೆ ಮುಗಿಸಿದವರು ಹೇಗೆ ಮುಗಿಸಿದರು? ಕೈ ಚುರುಕಿನಿಂದ ಅಲ್ಲ. ಈ ಗೇಮಿನಲ್ಲಿ ಅದೃಷ್ಟದ ಪಾಲು ತೀರಾ ಕಮ್ಮಿ. ಮೊಟ್ಟೆ ಪ್ರತಿ ಸಲವೂ ಅದೇ ಜಾಗದಲ್ಲಿ ಇರುತ್ತದೆ, ಕಪ್ಪೆಯೂ ಅದೇ ಜಾಗದಲ್ಲಿ ಕೂತಿರುತ್ತದೆ. ಮಗ್ಗಿ ಕಲಿತ ಹಾಗೆ ಕಲಿಯಬೇಕು: ಕಲ್ಲು, ನೆಗೆ, ಎರಡು ಕೊಡಲಿ, ಹಳ್ಳ, ಉದ್ದ ನೆಗೆತ. ಬಾಯಿಪಾಠ ಆದ ಮೇಲೆ ಕೈ ತಾನೇ ಆಡುತ್ತದೆ, ಕಣ್ಣು ಸುಮ್ನೆ ಜೊತೆಗಿರುತ್ತದೆ. ಕೆಲವರಿಗೆ ಇದು ಬೇಜಾರು. ನನಗೆ ಇದೇ ಇಷ್ಟ. ಒಂದು ರೌಂಡು ಪೂರ್ತಿ ಎಲ್ಲೂ ನಿಲ್ಲದೆ ಓಡಿ ಮುಗಿಸಿದಾಗ ಸಿಗುವ ಖುಷಿಯನ್ನು ನಿಂತು ನಿಂತು ಆಡುವ ಗೇಮ್‌ಗಳು ಕೊಡುವುದಿಲ್ಲ.

ಆದರೂ ಒಂದು ವಿಷಯದಲ್ಲಿ ಈ ಗೇಮನ್ನು ನಾನು ಸಮರ್ಥಿಸುವುದಿಲ್ಲ. ಸತ್ತರೆ ಕೊಡಲಿ ಹೋಗುತ್ತದೆ. ರೌಂಡಿನ ನಡುವೆ ನಂಬರ್ ಬರೆದ ಫಲಕಗಳಿವೆ. ಕೊನೆಗೆ ದಾಟಿದ ಫಲಕದಿಂದ ಮತ್ತೆ ಶುರು ಆಗುತ್ತೀರಿ, ಬರಿಗೈಯಲ್ಲಿ. ಮುಂದಿನ ಕೊಡಲಿಯ ಮೊಟ್ಟೆ ಎಲ್ಲೋ ದೂರದಲ್ಲಿ. ಕೊಡಲಿ ಇದ್ದಾಗಲೇ ದಾಟಲು ಆಗದ ಜಾಗವನ್ನು ಕೊಡಲಿ ಇಲ್ಲದೆ ದಾಟಬೇಕು. ಆರಂಭದ ಏರಿಯಾಗಳಲ್ಲಿ ಹೇಗೋ ನಡೆಯುತ್ತದೆ. ಕೊನೆಯ ಏರಿಯಾಗಳಲ್ಲಿ ಒಂದು ತಪ್ಪಿಗೆ ಮೂರು ಜೀವ ತೆರಬೇಕಾಗುತ್ತದೆ. ಇದು ಕಷ್ಟ ಅಲ್ಲ, ಅನ್ಯಾಯ. ಬಾಸ್‌ಗಳು, ಅಂದರೆ ಏರಿಯಾದ ಕೊನೆಯ ದೊಡ್ಡ ಶತ್ರುಗಳು, ಪರವಾಗಿಲ್ಲ. ಪ್ರತಿ ನಾಲ್ಕನೇ ರೌಂಡಿನ ಕೊನೆಗೆ ಬರುವವನ ಮೈ ಒಂದೇ, ತಲೆ ಮಾತ್ರ ಬೇರೆ ಬೇರೆ.

ಈಗ ನಮ್ಮವರಿಗೆ ಗೊತ್ತೇ ಇರದಿದ್ದ ಸಂಗತಿ. ಮೊದಲ ಏರಿಯಾದ ಮೊದಲ ರೌಂಡಿನಲ್ಲೇ, ಗೋಲ್ ಫಲಕ ಬರುವುದಕ್ಕೆ ಸ್ವಲ್ಪ ಮುಂಚೆ, ಸರಿಯಾದ ಜಾಗದಲ್ಲಿ ನೆಗೆದರೆ ಒಂದು ಮೊಟ್ಟೆ ಪ್ರತ್ಯಕ್ಷವಾಗುತ್ತದೆ. ಅದರೊಳಗೆ ಜೇನುಹುಳ. ಅದು ಹಡ್ಸನ್ ಕಂಪನಿಯದೇ ಗುರುತು. ಅದನ್ನು ಹಿಡಿದಿದ್ದರೆ, ಗೇಮ್ ಓವರ್ ಆದಾಗ ದಿಕ್ಕಿನ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ರೌಂಡಿನಿಂದಲೇ ಮುಂದುವರಿಯಬಹುದು. ಹಿಡಿಯದಿದ್ದರೆ ಮತ್ತೆ ಮೊದಲಿನಿಂದ. ಗೇಮಿನಲ್ಲಿ ಸೇವ್ ಇಲ್ಲ, ಪಾಸ್‌ವರ್ಡ್ ಇಲ್ಲ. ಅಂದರೆ ಇಡೀ ಆಟವನ್ನು ಮುಗಿಸುವ ಕೀಲಿ ಮೊದಲ ನಿಮಿಷದಲ್ಲೇ ಬಚ್ಚಿಟ್ಟಿದೆ. ಜಪಾನಿನ ಮಕ್ಕಳಿಗೆ ಇಂಥ ಗುಟ್ಟುಗಳನ್ನು ಅಚ್ಚು ಹಾಕುವ ಗೇಮ್ ಪತ್ರಿಕೆಗಳಿದ್ದವು. ನಮ್ಮ ಹಳದಿ ಕ್ಯಾಸೆಟ್ಟಿನ ಜೊತೆ ಒಂದು ಚೀಟಿಯೂ ಬರುತ್ತಿರಲಿಲ್ಲ. ನಾವು ಆಡಿದ್ದು ಬಾಗಿಲಿನ ಬೀಗದ ಕೈ ಇಲ್ಲದ ಗೇಮ್. ಆದ್ದರಿಂದ "ನಮ್ಮಿಂದ ಆಗಲಿಲ್ಲ" ಅಂತ ಬೇಜಾರು ಮಾಡಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಆ ಜೇನುಹುಳ ಇಲ್ಲದೆ 32 ರೌಂಡು ಓಡುವುದು ಎಂಥವರಿಗೂ ಕಷ್ಟ ಮಾರಾಯ್ರೆ.

"ಈಗ ಮೊಬೈಲಲ್ಲಿ ಆಡಿದ್ರೆ ಆಗಿನದಕ್ಕಿಂತ ಕಷ್ಟ ಅನ್ಸುತ್ತೆ, ವಯಸ್ಸಾಯ್ತಾ?" ಅಂತ ಕೇಳುವವರೂ ಇದ್ದಾರೆ. ವಯಸ್ಸು ಇರಬಹುದು. ಆದರೆ ಇನ್ನೊಂದು ಕಾರಣವೂ ಇದೆ. ಜಪಾನ್, ಅಮೆರಿಕದ ಟಿವಿಗಳಲ್ಲಿ ಈ ಗೇಮ್ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ಓಡುತ್ತದೆ. ಆಗ ನಮ್ಮದು ಪಾಲ್ ಪದ್ಧತಿಯ ಟಿವಿ, ಸೆಕೆಂಡಿಗೆ 50. ಅದಕ್ಕೆ ಹೊಂದುವ ಸೆಟ್‌ನಲ್ಲಿ ಆಡಿದವರಿಗೆ ಗೇಮ್ ಆರನೇ ಒಂದು ಭಾಗದಷ್ಟು ನಿಧಾನವಾಗಿಯೇ ಕಂಡಿರುತ್ತದೆ. ಹಾಡಿನ ಓಟ ಕೂಡ ನಿಧಾನ. ಎಮುಲೇಟರಿನಲ್ಲಿ, ಅಂದರೆ ಹಳೆಯ ಗೇಮ್‌ಗಳನ್ನು ಮೊಬೈಲು, ಕಂಪ್ಯೂಟರಿನಲ್ಲಿ ಓಡಿಸುವ ಆ್ಯಪ್‌ನಲ್ಲಿ, ಸಿಗುವುದು ಹೆಚ್ಚಾಗಿ 60ರ ವೇಗದ್ದು. ಅದರ ಮೇಲೆ ಈಗಿನ ದೊಡ್ಡ ಟಿವಿಗಳು ಚಿತ್ರವನ್ನು ಚಂದ ಮಾಡಲು ಹೋಗಿ ಸ್ವಲ್ಪ ತಡ ಮಾಡುತ್ತವೆ. ಬಟನ್ ಒತ್ತಿದ ಎಷ್ಟೋ ಹೊತ್ತಿಗೆ ನೆಗೆದ ಹಾಗೆ ಅನ್ನಿಸುತ್ತದೆ. ಟಿವಿ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಹಾಕಿ ನೋಡಿ, ಅರ್ಧ ವಯಸ್ಸು ಇಳಿಯುತ್ತದೆ. ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟು ಮಾತ್ರ ಇದನ್ನು ಆಡಬೇಡಿ, ಒಂದು ಸಾದಾ ಕಂಟ್ರೋಲರ್ ತಗೊಳ್ಳಿ.

ಎಮುಲೇಟರಿನಲ್ಲಿ ಎಲ್ಲಿ ಬೇಕಾದರಲ್ಲಿ ಸೇವ್ ಮಾಡಿ ಆಡುವುದು ಮೋಸ ಅಲ್ವಾ ಅಂತ ಕೇಳಿದರೆ, ನನ್ನ ಮಟ್ಟಿಗೆ ಅಲ್ಲ. ಕಷ್ಟದ ಜಾಗದ ಮುಂಚೆ ಸೇವ್ ಮಾಡಿ, ಅಲ್ಲೇ ಅಭ್ಯಾಸ ಮಾಡಿ, ಆಮೇಲೆ ರೌಂಡನ್ನು ಮೊದಲಿನಿಂದ ಒಂದೇ ಓಟದಲ್ಲಿ ಆಡಿ. ಹೆಜ್ಜೆ ಹೆಜ್ಜೆಗೂ ಸೇವ್ ಮಾಡುತ್ತಾ ಹೋದರೆ ಗೇಮ್ ಮುಗಿಯುತ್ತದೆ, ಆದರೆ ಆ ಓಟ ನಿಮಗೆ ಸಿಗುವುದಿಲ್ಲ.

ಮನೆಯಲ್ಲಿ ಮಕ್ಕಳಿಗೆ ತೋರಿಸಬೇಕು ಅಂತಿದ್ದರೆ ಇದರಿಂದ ಶುರು ಮಾಡಬೇಡಿ. 1991ರಲ್ಲಿ ಬಂದ ಎರಡನೇ ಭಾಗ ಕೊಡಿ. ಅಲ್ಲೂ ಹಸಿವಿನ ಪಟ್ಟಿ ಇದೆ, ಆದರೆ ಸಿಕ್ಕ ಆಯುಧವನ್ನು ಕೂಡಿಟ್ಟುಕೊಂಡು ಮುಂದಿನ ಸಲ ಬಳಸಬಹುದು, ಹತ್ತಿ ಓಡಲು ಡೈನೋಸಾರ್‌ಗಳಿವೆ. ಮೊದಲ ಭಾಗದ ಆ ಕೊಡಲಿಯ ಅನ್ಯಾಯವನ್ನು ಹಡ್ಸನ್‌ನವರು ಅಲ್ಲಿ ಮುಕ್ಕಾಲು ಪಾಲು ಸರಿಮಾಡಿದ್ದಾರೆ. ಮಕ್ಕಳು ಅದನ್ನು ಮುಗಿಸಿ, ಇನ್ನೂ ಬೇಕು ಅಂತ ಕೇಳಿದರೆ ಆಗ ಮೊದಲನೆಯದು. ಜೇನುಹುಳ ಎಲ್ಲಿದೆ ಅಂತ ಶುರುವಿನಲ್ಲೇ ಹೇಳಿಬಿಡಿ.