ಗೇಟಿನ ಒಳಗೆ ಎರಡು ಗುಂಡಿ

2018ರಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ ಕಲ್ಲು ಹಾಸಿದ್ದನ್ನು ನೋಡಿದಾಗಿನಿಂದ ನನಗೂ ಅದೇ ಹುಚ್ಚು. ಮನೆ ಮುಂದೆ ಕಾರು ನಿಲ್ಲಿಸುವ 200 ಚದರಡಿ ಜಾಗಕ್ಕೆ 4 ಇಂಚಿನ ಗ್ರಾನೈಟ್ ಕಾಬಲ್ ಕಲ್ಲು, ಅಂದರೆ ನೆಲಕ್ಕೆ ಹಾಸುವ ಚಿಕ್ಕ ಗಟ್ಟಿ ಕಲ್ಲು, ಹಾಕಿಸಿದೆ. ಒಂದೇ ಮಳೆಗಾಲ ಅಷ್ಟೇ, ಕಾರಿನ ಚಕ್ರ ಓಡಾಡುವ ಕಡೆಯೇ ಎರಡು ಗುಂಡಿ ಬಿತ್ತು. "ಮೀನು ಬಿಡೋಣ" ಅಂದಳು ಹೆಂಡತಿ.

ಕಿತ್ತು ನೋಡಿದರೆ ಕಲ್ಲಿಗೇನೂ ಆಗಿಲ್ಲ. ಕೆಳಗೆ ಬರೀ ಮರಳು, ಅದರ ಕೆಳಗೆ ಪಾಯ ತೋಡಿದಾಗ ತುಂಬಿದ್ದ ಸಡಿಲ ಮಣ್ಣು, ಇಟ್ಟಿಗೆ ಚೂರು, ಹರಿದ ಸಿಮೆಂಟ್ ಚೀಲ.

ಈ ಸಲ ಬಂದ ಮೇಸ್ತ್ರಿ ಎರಡು ದಿನ ಒಂದು ಕಲ್ಲನ್ನೂ ಮುಟ್ಟಲಿಲ್ಲ. ಪೂರ್ತಿ ಒಂದಡಿ ಅಗೆಸಿದರು. ಜಲ್ಲಿ, ಜಲ್ಲಿಪುಡಿ ಬೆರೆಸಿ 3 ಇಂಚು ಹರಡುವುದು, ನೀರು ಚಿಮುಕಿಸುವುದು, ಬಾಡಿಗೆ ಕಾಂಪ್ಯಾಕ್ಟರ್ (ನೆಲ ಅದುಮಿ ಗಟ್ಟಿ ಮಾಡುವ ಮೆಷಿನ್) ಓಡಿಸುವುದು, ಮತ್ತೆ 3 ಇಂಚು. ಗೇಟಿನ ಕಡೆಗೆ ನೀರು ಹರಿಯಲು 10 ಅಡಿಗೆ 2 ಇಂಚು ವಾಟ (ಇಳಿಜಾರು) ಕೊಟ್ಟಿದ್ದೂ ಜಲ್ಲಿಯಲ್ಲೇ. ಮೇಲಿನ ಮರಳಲ್ಲಿ ವಾಟ ಸರಿ ಮಾಡಲು ಹೋದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿ ಮತ್ತೆ ಕುಸಿಯುತ್ತದಂತೆ. ಎರಡೂ ಅಂಚಿಗೆ ಮೊದಲೇ ಕಾಂಕ್ರೀಟ್ ಕಟ್ಟಿದರು, ಇಲ್ಲದಿದ್ದರೆ ಕಲ್ಲು ಸಾಲುಸಾಲೇ ಹೊರಗೆ ಸರಿಯುತ್ತದೆ.

ಆಮೇಲೆ 2 ಇಂಚಿನ ಹಾಸು. 6 ಪಾಲು ಎಂ-ಸ್ಯಾಂಡ್‌ಗೆ (ಕಲ್ಲು ಪುಡಿ ಮಾಡಿದ ಮರಳು) 1 ಪಾಲು ಸಿಮೆಂಟ್, ನೀರು ಹೆಸರಿಗಷ್ಟೇ. ತಂಬಿಟ್ಟಿನ ಹಾಗೆ ಮುಷ್ಟಿಯಲ್ಲಿ ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು. ಈ ಕಲ್ಲುಗಳು ಹೆಸರಿಗೆ 4 ಇಂಚು, ಒಂದು ಮೂರೂವರೆ ಇದ್ದರೆ ಇನ್ನೊಂದು ನಾಲ್ಕು ಮುಕ್ಕಾಲು, ಹಾಗಾಗಿ ಪ್ರತಿಯೊಂದಕ್ಕೂ ಕೆಳಗೆ ಸ್ವಲ್ಪ ಕೆರೆದು ಇಲ್ಲವೇ ತುಂಬಿ, ಮಟ್ಟಕ್ಕೆ ಕಟ್ಟಿದ ದಾರ ನೋಡಿಕೊಂಡು ಸುತ್ತಿಗೆಯಲ್ಲಿ ತಟ್ಟಿ ಕೂರಿಸಬೇಕು. ಗಾರೆ ನೀರಾಗಿದ್ದರೆ ಈ ಆಟ ನಡೆಯಲ್ಲ. ಅರ್ಧ ಇಂಚು ಎತ್ತರವೇ ಬಿಡುತ್ತಾರೆ, ಮೆಷಿನ್ ಓಡಿದಾಗ ಮಟ್ಟಕ್ಕೆ ಇಳಿಯುತ್ತದೆ. ಮರಳಿನ ತೇವಕ್ಕೇ ಸಿಮೆಂಟ್ ಗಟ್ಟಿಯಾಗಲು ಶುರುವಾಗುವುದರಿಂದ ಕಲಸಿದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ದಿನ ಕಲಸಿದ್ದನ್ನು ಹಾಗೇ ಬಿಟ್ಟು ಎಲ್ಲರೂ ಊಟಕ್ಕೆ ಹೋಗಿ, ಹರಟೆ ಹೊಡೆದು, ತಡವಾಗಿ ಬಂದರು. ನಾನೂ ಅವರ ಜೊತೆಗೇ ಇದ್ದೆ ಬಿಡಿ.

ಸುಮಾರು 1,500 ಕಲ್ಲು, ಒಂದೊಂದು ಎರಡೂವರೆ ಕೆಜಿ. ಎತ್ತಿಕೊಡೋಣ ಅಂತ ಹೋದವನಿಗೆ ಸೊಂಟ ಇನ್ನೂ ನೋಯುತ್ತಿದೆ.

ಸಂದಿಗೆ ಒಣ ಮರಳು-ಸಿಮೆಂಟ್ ಗುಡಿಸಿ ತುಂಬಿದ ಮೇಲೆ, ನೀರು ಸಿಂಪಡಿಸುವ ಮೊದಲು ಕಲ್ಲಿನ ಮುಖ ಚೆನ್ನಾಗಿ ಗುಡಿಸಿ, ಇಲ್ಲದಿದ್ದರೆ ಬಿಳಿ ಪೊರೆ ಕೂತುಬಿಡುತ್ತದೆ. ಒಂದು ವಾರ ಒದ್ದೆ ಗೋಣಿಚೀಲ, ಅಲ್ಲಿವರೆಗೂ ಕಾರು ರಸ್ತೆಯಲ್ಲೇ.

ಸಿಮೆಂಟ್ ಹಾಕಿದರೆ ನೀರು ನೆಲಕ್ಕೆ ಇಂಗಲ್ಲ, ನಾಳೆ ಪೈಪ್ ಒಡೆದರೆ ಕೀಳುವುದೂ ಕಷ್ಟ ಅಂತ ಗೆಳೆಯನೊಬ್ಬನ ತಕರಾರು. ನಿಜವೇ. ನಡೆದಾಡುವ ದಾರಿಯಾಗಿದ್ದರೆ ನಾನೂ ಬರೀ ಮರಳೇ ಹಾಕಿಸುತ್ತಿದ್ದೆ. ಇಲ್ಲಿ ಕಾರು ದಿನಾ ನಿಂತಲ್ಲೇ ಚಕ್ರ ತಿರುಗಿಸುತ್ತದೆ, ಅಲ್ವಾ? ಮುಂದೆ ಪೈಪ್ ಎಳೆಯಬೇಕಾದರೆ ಇರಲಿ ಅಂತ ಅಡ್ಡಲಾಗಿ ಒಂದು ಖಾಲಿ ಪಿವಿಸಿ ಪೈಪ್ ಹೂತಿಟ್ಟಿದ್ದೇನೆ.

ಮೊನ್ನೆಯ ಮಳೆಗೆ ನೀರು ಹನಿಯೂ ನಿಲ್ಲದೆ ಗೇಟಿನ ಕಡೆ ಹೋಯಿತು. ಆ ಊಟದ ದಿನ ಕೂರಿಸಿದ ಒಂದು ಕಲ್ಲು ಮಾತ್ರ ಕಾಲಿಟ್ಟರೆ ಟಕ್ ಅನ್ನುತ್ತದೆ.