ಹನ್ನೆರಡು ಡಾಲರಿನ ರೂಮಿ ಟೋಪಿ

ಹೋದ ಅಕ್ಟೋಬರಿನಲ್ಲಿ ಅಮೆರಿಕದ ಮಿಲ್ವಾಕಿಯ ಉತ್ತರ ಭಾಗದ ಒಂದು ಮನೆಯ ನೆಲಮಾಳಿಗೆಯಲ್ಲಿ ನನಗೊಂದು ಕೆಂಪು ಟೋಪಿ ಸಿಕ್ಕಿತು. ತೀರಿಕೊಂಡವರ ಮನೆಯ ಸಾಮಾನನ್ನೆಲ್ಲ ಎರಡು ದಿನಗಳಲ್ಲಿ ಮಾರಿ ಮುಗಿಸುವ ಎಸ್ಟೇಟ್ ಸೇಲ್ ಅದು. ಕ್ರಿಸ್ಮಸ್ ದೀಪದ ಸರಗಳು, ಹಳೇ ಇಸ್ತ್ರಿ ಪೆಟ್ಟಿಗೆ, ಒಂದು ಬೌಲಿಂಗ್ ಚೆಂಡು, ಅದರ ಹಿಂದೆ ಈ ಟೋಪಿ. ಚೀಟಿಯಲ್ಲಿ 'ಶ್ರೈನರ್ ಹ್ಯಾಟ್, 12 ಡಾಲರ್' ಎಂದಿತ್ತು. ಶ್ರೈನರ್ ಎಂದರೆ ಇಲ್ಲಿಯ ಒಂದು ಸಂಘದವರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಾಗಿದ ಕತ್ತಿ, ಅದಕ್ಕೆ ತೂಗುಬಿದ್ದ ಅರ್ಧಚಂದ್ರ, ನಡುವೆ ನಕ್ಷತ್ರ, ಮೇಲೆ ಟೆಂಪಲ್ಲಿನ, ಅಂದರೆ ಅವರ ಶಾಖೆಯ, ಹೆಸರು. ಎಲ್ಲ ಎಂದಿನಂತೆಯೇ. ಆದರೆ ಹೆಸರಿನ ಪಕ್ಕದಲ್ಲಿ 'ನಂ.' ಎಂದು ಕಸೂತಿ ಮಾಡಿ ಒಂದು ಅಂಕಿ ಹಾಕಿದ್ದರು. ಆ ಅಂಕಿ ಕಂಡಾಗ ನನ್ನ ಕೈ ನಡುಗಿತು. ಹನ್ನೆರಡು ಡಾಲರ್ ಕೊಟ್ಟು ಟೋಪಿಯನ್ನು ಎದೆಗವಚಿಕೊಂಡು ಕಾರಿಗೆ ಬಂದೆ.

ಇದು ನನ್ನ ಇಪ್ಪತ್ತಮೂರನೆಯ ಟೋಪಿ. ಇಲ್ಲಿಯವರು ಇದನ್ನು ಫೆಜ್ ಅನ್ನುತ್ತಾರೆ. ನಾನು ಹುಟ್ಟಿ ಬೆಳೆದ ಕಲಬುರಗಿಯಲ್ಲಿ ಇದಕ್ಕೆ ರೂಮಿ ಟೋಪಿ ಅನ್ನುತ್ತಿದ್ದರು. ಅವ್ವನ ಅಪ್ಪ, ನಮ್ಮ ಮುತ್ಯಾ, ನಿಜಾಮರ ಕಾಲದಲ್ಲಿ ತಹಸೀಲ್ ಕಚೇರಿಯ ಗುಮಾಸ್ತರು. ಕಚೇರಿಗೆ ಹೋಗುವಾಗ ಶೇರ್ವಾನಿ, ತಲೆಗೆ ಕಪ್ಪು ಕುಚ್ಚಿನ ರೂಮಿ ಟೋಪಿ. ಮನೆಗೆ ಬಂದವರೇ ಟೋಪಿಯನ್ನು ಗೂಟಕ್ಕೆ ಹಾಕಿ ಪಟಕಾ ಸುತ್ತಿಕೊಳ್ಳುತ್ತಿದ್ದರಂತೆ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆದಮೇಲೆ ಅದನ್ನು ಮತ್ತೆ ತಲೆಗಿಡಲಿಲ್ಲ. ಎಸೆಯಲೂ ಇಲ್ಲ. ಹಳೇ ಧೋತರದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದರು. ನಾನು ಏಳೆಂಟು ವರ್ಷದವಳಿದ್ದಾಗ ಟ್ರಂಕು ತೆಗೆದು ನೋಡಿದರೆ ಉಣ್ಣೆಯನ್ನೆಲ್ಲ ನುಸಿ ತಿಂದು ಜರಡಿ ಮಾಡಿತ್ತು. ಕುಚ್ಚು ಮಾತ್ರ ಹಾಗೇ ಉಳಿದಿತ್ತು, ರೇಷ್ಮೆಯದು. ಆ ಕುಚ್ಚು ಈಗ ನನ್ನ ಬಳಿ ಇದೆ.

2007ರ ಚಳಿಗಾಲದಲ್ಲಿ ನಾನು ಮಿಲ್ವಾಕಿಗೆ ಬಂದೆ, ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ. ಮೊದಲ ವಾರವೇ ಬಸ್ಸಿನ ಕಿಟಕಿಯಿಂದ ವಿಸ್ಕಾನ್ಸಿನ್ ಅವೆನ್ಯೂ ಮೇಲೆ ತಾಜ್ ಮಹಲಿನಂಥದೊಂದು ಕಟ್ಟಡ ಕಾಣಿಸಿತು. ದೊಡ್ಡ ಗುಮ್ಮಟ, ಮೆಟ್ಟಿಲ ಎರಡೂ ಬದಿಗೆ ಕುಳಿತ ಕಲ್ಲಿನ ಒಂಟೆಗಳು, ಒಂಟೆಗಳ ಬೆನ್ನ ಮೇಲೆ ಹಿಮ. ಊರಿನಿಂದ ಇಷ್ಟು ದೂರ ಬಂದು ನಾನು ಏನನ್ನು ನೋಡುತ್ತಿದ್ದೇನೆ ಎಂದು ಅರ್ಥವಾಗಲಿಲ್ಲ. ಲ್ಯಾಬಿನಲ್ಲಿ ಕೇಳಿದೆ. ಅದು ಟ್ರಿಪೊಲಿ ಶ್ರೈನ್, ಶ್ರೈನರ್‌ಗಳ ಮನೆ, 1928ರದ್ದು, ತಾಜ್ ಮಹಲ್ ನೋಡಿಯೇ ಕಟ್ಟಿದ್ದು ಎಂದರು. ಮುಂದಿನ ಬೇಸಿಗೆಯಲ್ಲಿ ಒಂದು ಮೆರವಣಿಗೆಯಲ್ಲಿ ಅವರನ್ನು ಕಂಡೆ. ಅರವತ್ತು ಎಪ್ಪತ್ತು ದಾಟಿದ ಗಂಡಸರು, ಮೊಣಕಾಲು ಗದ್ದಕ್ಕೆ ತಾಗುವಷ್ಟು ಸಣ್ಣ ಕಾರುಗಳಲ್ಲಿ ಕುಳಿತು ಎಂಟರ ಆಕಾರದಲ್ಲಿ ಸುತ್ತು ಹೊಡೆಯುತ್ತಿದ್ದರು. ಎಲ್ಲರ ತಲೆಯ ಮೇಲೂ ಮುತ್ಯಾನ ಟೋಪಿ.

ಅಂದಿನಿಂದ ಹಿಡಿದ ಗೀಳು ಇದು.

ಶ್ರೈನರ್‌ಗಳು ಮೇಸನ್‌ಗಳೇ, ಅಂದರೆ ಫ್ರೀಮೇಸನ್ ಎಂಬ ಗಂಡಸರ ಹಳೆಯ ಸೋದರ ಸಂಘದವರು. ಮೊದಲು ಮೇಸನ್ ಆಗದೆ ಶ್ರೈನರ್ ಆಗುವಂತಿಲ್ಲ. 2000ದವರೆಗೆ ಮೇಸನ್ ಆದರೂ ಸಾಲುತ್ತಿರಲಿಲ್ಲ, ಇನ್ನೂ ಮೇಲಿನ ಹಂತಗಳನ್ನು ಹತ್ತಿರಬೇಕಿತ್ತು. 1870ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ವಾಲ್ಟರ್ ಫ್ಲೆಮಿಂಗ್ ಎಂಬ ವೈದ್ಯ ಮತ್ತು ವಿಲಿಯಂ ಫ್ಲಾರೆನ್ಸ್ ಎಂಬ ನಾಟಕದ ನಟ ಸೇರಿ, ಗಂಭೀರವಾದ ಮೇಸನ್ ಸಭೆಗಳ ಆಚೆಗೆ ನಕ್ಕು ನಲಿಯಲೊಂದು ಕೂಟ ಬೇಕು ಎಂದು ಇದನ್ನು ಹುಟ್ಟುಹಾಕಿದರು. ನಟನ ಕೈ ಎಲ್ಲದರಲ್ಲೂ ಕಾಣುತ್ತದೆ. ವೇಷ ಅರಬ್ಬರದು, ಅಧ್ಯಕ್ಷನಿಗೆ ಪೊಟೆಂಟೇಟ್ ಎಂಬ ಬಿರುದು, ಪದಾಧಿಕಾರಿಗಳ ಸಮಿತಿಗೆ ದಿವಾನ್ ಎಂದು ಹೆಸರು, ಸದಸ್ಯನಿಗೆ ನೋಬಲ್. ಊರೂರಿನ ಶಾಖೆಗೆ ಟೆಂಪಲ್. ಅಲ್ಲಿ ಪೂಜೆ ಗೀಜೆ ಏನೂ ಇಲ್ಲ. ಮೊದಲ ಟೆಂಪಲ್ 1872ರಲ್ಲಿ ನ್ಯೂಯಾರ್ಕಿನಲ್ಲಿ ಆಯಿತು, ಹೆಸರು ಮೆಕ್ಕಾ. ಅವರು ಒಬ್ಬರಿಗೊಬ್ಬರು ಹೇಳುತ್ತಿದ್ದದ್ದು ಸಲಾಮ್ ಅಲೈಕುಮ್.

ಇದೊಂದು ನನಗೆ ಇಂದಿಗೂ ಸರಿಬರುವುದಿಲ್ಲ. ಬಂದೇ ನವಾಜ್ ದರ್ಗಾದ ಓಣಿಯಲ್ಲಿ ಬೆಳೆದವಳು ನಾನು. ಸಲಾಮ್ ನಮಗೆ ಹಾಲಿನವರೊಡನೆ, ಟೇಲರ್ ಚಾಚಾನೊಡನೆ ಆಡುವ ದಿನದ ಮಾತು. ಇನ್ನೊಬ್ಬರ ನಿತ್ಯದ ಮಾತನ್ನು ವೇಷಕ್ಕೆ ಎತ್ತಿಕೊಳ್ಳುವುದು ನೋಡಿದರೆ ಮನಸ್ಸಿಗೆ ಚುಚ್ಚುತ್ತದೆ. ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಲೂ ಆಗುವುದಿಲ್ಲ. ಏಕೆಂದರೆ ಇದೇ ಜನ 1920ರಲ್ಲಿ ಪೋರ್ಟ್‌ಲ್ಯಾಂಡಿನ ಸಮಾವೇಶದಲ್ಲಿ, ಅಂಗವಿಕಲ ಮಕ್ಕಳ ಆಸ್ಪತ್ರೆಗೆಂದು ಪ್ರತಿ ಸದಸ್ಯ ವರ್ಷಕ್ಕೆ ಎರಡು ಡಾಲರ್ ಕೊಡಬೇಕೆಂದು ನಿರ್ಣಯಿಸಿದರು. ಅಲ್ಲಿ ಸುಲಭಕ್ಕೆ ಒಪ್ಪಿಗೆ ಸಿಗುವಂತಿರಲಿಲ್ಲ. ಅಟ್ಲಾಂಟಾದ ಫಾರೆಸ್ಟ್ ಅಡೇರ್ ಎಂಬ ಸದಸ್ಯ ಎದ್ದು ನಿಂತು, ನಸುಕಿನ ನಾಲ್ಕಕ್ಕೆ ಹೋಟೆಲಿನ ಕಿಟಕಿಯ ಕೆಳಗೆ ಯಾರೋ ಒಬ್ಬ 'ನಾನು ಸದಾ ಗುಳ್ಳೆ ಊದುತ್ತಿರುತ್ತೇನೆ' ಎಂಬ ಆ ಕಾಲದ ಹಾಡನ್ನು ನುಡಿಸುತ್ತ ತನ್ನ ನಿದ್ದೆ ಕೆಡಿಸಿದ್ದನ್ನು ಹೇಳಿದ. ನಾವೂ ಇಷ್ಟು ವರ್ಷ ಗುಳ್ಳೆಯನ್ನೇ ಊದುತ್ತ ಬಂದಿಲ್ಲವೇ ಎಂದು ಕೇಳಿದ. ನಿರ್ಣಯ ಪಾಸಾಯಿತು. 1922ರಲ್ಲಿ ಲೂಸಿಯಾನದ ಶ್ರೀವ್‌ಪೋರ್ಟಿನಲ್ಲಿ ಮೊದಲ ಆಸ್ಪತ್ರೆ ತೆರೆಯಿತು. ಪೋಲಿಯೋ ಮಕ್ಕಳ ಕಾಲುಗಳನ್ನು ಒಂದು ಪೈಸೆಯೂ ಮುಟ್ಟದೆ ನೇರ ಮಾಡಿದರು, ಆಮೇಲೆ ಸುಟ್ಟಗಾಯದ ಮಕ್ಕಳನ್ನೂ ನೋಡಿದರು. ನನ್ನ ಜೊತೆ ಕೆಲಸ ಮಾಡುವವಳ ಮಗನ ಪಾದ ಸರಿಯಾದದ್ದು ಚಿಕಾಗೋದ ಅವರ ಆಸ್ಪತ್ರೆಯಲ್ಲೇ.

ಟೋಪಿ ಹೇಗೆ ನೋಡಬೇಕು ಎಂದು ನನಗೆ ಕಲಿಸಿದ್ದು ಅವ್ವ. ಎಂಟು ವರ್ಷದ ಹಿಂದೆ ಅವ್ವ ಇಲ್ಲಿಗೆ ಬಂದಿದ್ದಾಗ ನನ್ನ ಕಪಾಟು ತೆರೆದು ತೋರಿಸಿದೆ. ಅವ್ವ ಒಂದೊಂದನ್ನೇ ತಿರುಗಿಸಿ, ಒಳಗೆ ಬೆರಳು ಹಾಕಿ, ಎರಡು ಟೋಪಿಗಳನ್ನು ಬೇರೆ ಇಟ್ಟಳು.

"ಇವೆರಡು ಕೈದು. ಜರ್ದೋಸಿ ಅದ ಇದು. ಉಳಿದದ್ದು ಮಷೀನಿಂದು."

"ಹೆಂಗ್ ಗೊತ್ತಾತವ್ವಾ?"

"ತಂತಿ ಸುರುಳಿ ಕತ್ತರಿಸಿ ಮಣಿ ಪೋಣಿಸಿದಂಗ ಹೊಲದಾರ ನೋಡು. ಒಂದು ಎಳಿ ಇನ್ನೊಂದರಂಗ ಇಲ್ಲ."

ಅವ್ವ ಹೇಳಿದ್ದು ಪೂರಾ ನಿಜ. ಹಳೆಯ ಟೋಪಿಗಳಲ್ಲಿ ಚಿನ್ನದ ಬಣ್ಣದ ಲೋಹದ ತಂತಿಯ ಸುರುಳಿಯನ್ನೇ ತುಂಡು ಮಾಡಿ, ಕೆಳಗೆ ದಪ್ಪನೆ ದಾರ ಕೊಟ್ಟು, ಉಬ್ಬಿ ನಿಲ್ಲುವಂತೆ ಹೊಲಿಯುತ್ತಿದ್ದರು. ಅವು ಕಾಲ ಕಳೆದಂತೆ ಕಪ್ಪಗಾಗುತ್ತವೆ, ಬೆಳ್ಳಿ ಸಾಮಾನಿನ ಹಾಗೆ. ಆಮೇಲೆ ಬಂದದ್ದು ಮಷೀನಿನ ಸರಪಳಿ ಹೊಲಿಗೆ. ಅದರ ಆಮೇಲೆ ಮಿಣಮಿಣ ಹರಳು. ಒಳಗಿನ ಚರ್ಮದ ಪಟ್ಟಿಯ ಮೇಲೆ ತಯಾರಕರ ಮುದ್ರೆ ಇರುತ್ತದೆ: ಸಿನ್ಸಿನಾಟಿಯ ಪೆಟ್ಟಿಬೋನ್, ಕೊಲಂಬಸ್ಸಿನ ಲಿಲ್ಲೀ, ಕಲಮಜೂವಿನ ಹೆಂಡರ್ಸನ್-ಏಮ್ಸ್. ಇವರು ಊರೂರಿನ ಸಂಘಗಳಿಗೆಲ್ಲ ಕತ್ತಿ, ನಿಲುವಂಗಿ, ಬಾವುಟ, ಟೋಪಿ ಹೊಲಿದು ಕಳಿಸುತ್ತಿದ್ದ ಕಂಪನಿಗಳು. ಒಳಗಿನ ರೇಷ್ಮೆ ಅಸ್ತರಿಗೆ ಅಂಟಿಸಿದ ಚಿಕ್ಕ ಜೇಬಿನಲ್ಲಿ ಕೆಲವೊಮ್ಮೆ ಸದಸ್ಯನ ಕಾರ್ಡು ಸಿಗುತ್ತದೆ. ನಾನು ಮೊದಲು ಹುಡುಕುವುದೇ ಆ ಜೇಬನ್ನು.

ಇಂಥ ಟೋಪಿ ಎಂದರೆ ಶ್ರೈನರ್ ಎಂದುಕೊಳ್ಳುವವರು ಹೆಚ್ಚು. ಆದರೆ ಅವರದು ಕೆಂಪು ಟೋಪಿ. ಕಪ್ಪು ಟೋಪಿ, ಕೆಂಪು ಕುಚ್ಚು ಇದ್ದರೆ ಅದು ಗ್ರಾಟೋದವರದು, 1889ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್ ಎಂಬ ಸಣ್ಣ ಊರಿನ ಮೇಸನ್‌ಗಳು ಶುರುಮಾಡಿದ್ದು. ಅವರೂ ವಿಶೇಷ ಅಗತ್ಯವಿರುವ ಮಕ್ಕಳ ಹಲ್ಲಿನ ಚಿಕಿತ್ಸೆಗೆ ಹಣ ಕೊಡುತ್ತಾರೆ. ಬಿಳಿ ಟೋಪಿ ಆಲಂಬ್ರಾದವರದು, ಅವರು ಕ್ಯಾಥಲಿಕ್ಕರು, 1904ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಸಂಘ. ನೈಟ್ಸ್ ಆಫ್ ಪಿಥಿಯಸ್ ಸಂಘದೊಳಗಿನ ಖೊರಾಸಾನ್ ಕೂಟದವರಿಗೂ ಟೋಪಿಯಿತ್ತು. ನನ್ನ ಬಳಿ ಇವುಗಳಲ್ಲಿ ಒಂದೊಂದು ಇದೆ, ಆದರೆ ಮನಸ್ಸು ಅಲ್ಲಿ ನಿಲ್ಲುವುದಿಲ್ಲ.

ಒಂದು ಸುಳ್ಳಿನ ಬಗ್ಗೆ ಮಾತ್ರ ಇಲ್ಲಿ ಹೇಳಿಯೇ ಬಿಡಬೇಕು, ಟೋಪಿ ಮಾರುವವರ ಬಾಯಲ್ಲಿ ಪದೇ ಪದೇ ಕೇಳಿದ್ದೇನೆ. ಎಂಟನೆಯ ಶತಮಾನದಲ್ಲಿ ಮೊರಾಕ್ಕೋದ ಫೆಜ್ ಪಟ್ಟಣದಲ್ಲಿ ಐವತ್ತು ಸಾವಿರ ಕ್ರೈಸ್ತರನ್ನು ಕೊಂದು, ಅವರ ರಕ್ತದಲ್ಲಿ ಟೋಪಿ ಅದ್ದಿದ್ದರಿಂದ ಈ ಕೆಂಪು ಬಂತು ಎಂಬ ಕಥೆ. ಫೆಜ್ ಪಟ್ಟಣಕ್ಕೆ ಅಡಿಪಾಯ ಬಿದ್ದದ್ದೇ 789ರ ಸುಮಾರಿಗೆ, ಇಡೀ ಕಥೆಗೆ ಒಂದು ದಾಖಲೆಯೂ ಇಲ್ಲ. ಕೆಂಪು ಬಂದದ್ದು ಬಣ್ಣಗಾರರ ಕಡಾಯಿಯಿಂದ. ಟೋಪಿ ಲೋಕಕ್ಕೆಲ್ಲ ಹಬ್ಬಿದ್ದು ಟರ್ಕಿಯ ಆಟೊಮನ್ ಸುಲ್ತಾನ ಎರಡನೆಯ ಮಹಮೂದ್‌ನಿಂದ. 1826ರಲ್ಲಿ ಜಾನಿಸರಿ ಎಂಬ ಹಳೆಯ ಸೈನ್ಯವನ್ನು ಮುಗಿಸಿ ಹೊಸ ಸೈನಿಕರಿಗೆ ಇದನ್ನು ತೊಡಿಸಿದ, 1829ರಲ್ಲಿ ಸರ್ಕಾರಿ ನೌಕರರಿಗೆಲ್ಲ ಕಡ್ಡಾಯ ಮಾಡಿದ. ತಲೆ ನೋಡಿ ಮತ ಹೇಳಲಾಗದಂತೆ ಎಲ್ಲರಿಗೂ ಒಂದೇ ಟೋಪಿ. ನೂರು ವರ್ಷ ತುಂಬುವ ಮೊದಲೇ, 1925ರ ನವೆಂಬರಿನಲ್ಲಿ, ಅತಾತುರ್ಕನ ಸರ್ಕಾರ ಅದೇ ಟೋಪಿಯನ್ನು ಕಾನೂನು ತಂದು ತೆಗೆಸಿತು. ಆ ಹೊತ್ತಿಗೆ ನಮ್ಮ ಕಡೆ ಇನ್ನೂ ರೂಮಿ ಟೋಪಿಯ ಕಾಲ. ಕೊನೆಯ ನಿಜಾಮರು ಮಾಸಿದ ಹಳೇ ಟೋಪಿಯನ್ನೇ ಹಾಕಿಕೊಳ್ಳುತ್ತಿದ್ದರೆಂಬುದು ಮುತ್ಯಾ ಕೂಡ ಹೇಳುತ್ತಿದ್ದ ಮಾತು.

ಈಗ ಆ 'ನಂ.' ಇದ್ದ ಟೋಪಿ.

ಬಿಳಿಯರ ಶ್ರೈನ್ ಟೆಂಪಲ್ಲುಗಳಿಗೆ ಹೆಸರಿರುತ್ತದೆ, ಸಂಖ್ಯೆ ಇರುವುದಿಲ್ಲ. ಸಂಖ್ಯೆ ಇದ್ದರೆ ಅದು ಪ್ರಿನ್ಸ್ ಹಾಲ್ ಶ್ರೈನರ್‌ಗಳದು, ಕಪ್ಪು ಜನರ ಸಂಘ. 1775ರಲ್ಲಿ ಬಾಸ್ಟನ್‌ನಲ್ಲಿ ಪ್ರಿನ್ಸ್ ಹಾಲ್ ಎಂಬಾತ ಬ್ರಿಟಿಷ್ ಸೈನಿಕರ ಲಾಡ್ಜೊಂದರಲ್ಲಿ, ಅಂದರೆ ಮೇಸನ್‌ಗಳ ಶಾಖೆಯೊಂದರಲ್ಲಿ, ಮೇಸನ್ ಆದ. ಅಮೆರಿಕದ ಬಿಳಿಯ ಲಾಡ್ಜುಗಳು ಕಪ್ಪು ಜನರನ್ನು ಸೇರಿಸುತ್ತಿರಲಿಲ್ಲವಾದ್ದರಿಂದ ಆತನ ಹೆಸರಿನಲ್ಲೇ ಬೇರೆ ಪರಂಪರೆ ಬೆಳೆಯಿತು. 1893ರಲ್ಲಿ, ವಿವೇಕಾನಂದರು ಮಾತಾಡಿದ ಚಿಕಾಗೋ ಮಹಾಮೇಳದ ವರ್ಷವೇ, ಅದೇ ಚಿಕಾಗೋದಲ್ಲಿ ಜಾನ್ ಜಾರ್ಜ್ ಜೋನ್ಸ್ ಈ ಜನರಿಗೂ ಒಂದು ಶ್ರೈನ್ ಕಟ್ಟಿದ. ಅದೇ ಕೆಂಪು ಟೋಪಿ, ಅದೇ ಕತ್ತಿ, ಅದೇ ಚಂದ್ರ.

ಬಿಳಿಯರಿಗೆ ಇದನ್ನು ಸಹಿಸಲಾಗಲಿಲ್ಲ. ಟೆಕ್ಸಾಸಿನಲ್ಲಿ ದಾವೆ ಹೂಡಿದರು: ಇವರು ನಮ್ಮ ಹೆಸರು, ನಮ್ಮ ಲಾಂಛನ, ನಮ್ಮ ಟೋಪಿ ಬಳಸಬಾರದು. ಟೆಕ್ಸಾಸಿನ ನ್ಯಾಯಾಲಯಗಳು ಹೌದು ಎಂದವು. ಪ್ರಿನ್ಸ್ ಹಾಲ್‌ನವರು ಬಿಡಲಿಲ್ಲ, ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋದರು. 1929ರಲ್ಲಿ ತೀರ್ಪು ಬಂತು. ಇವರು ಇಷ್ಟು ವರ್ಷ ಎಲ್ಲರ ಕಣ್ಣೆದುರೇ ಟೋಪಿ ಹಾಕಿಕೊಂಡು ತಿರುಗಿದ್ದಾರೆ, ನೀವು ಗೊತ್ತಿದ್ದೂ ಸುಮ್ಮನಿದ್ದಿರಿ, ಈಗ ಬಂದು ತಡೆ ಕೇಳುವಂತಿಲ್ಲ ಎಂದಿತು ನ್ಯಾಯಾಲಯ. ತಾವೇ ಅರಬ್ಬರಿಂದ ಎತ್ತಿಕೊಂಡ ವೇಷವನ್ನು ತಮ್ಮ ಸ್ವಂತ ಆಸ್ತಿ ಎಂದು ವಾದಿಸಿದವರು ಸೋತರು. ಆ ತೀರ್ಪನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇರೆ ಟೋಪಿಗಳನ್ನು ಜನ ಒಂದು ಸಂಜೆಯ ಸಂತೋಷಕ್ಕೆ ಹಾಕಿಕೊಂಡರು. ಇದೊಂದನ್ನು ಕೋರ್ಟಿಗೆ ಹೋಗಿ ಗೆದ್ದು ಹಾಕಿಕೊಂಡರು. ಇದರ ಬೆಲೆ ಹನ್ನೆರಡು ಡಾಲರ್ ಎಂದು ಬರೆದ ಚೀಟಿಯನ್ನು ನಾನು ಕಾರಿನಲ್ಲೇ ಕಿತ್ತು ಹಾಕಿದ್ದೆ.

ಟೋಪಿಯ ಜೇಬು ಖಾಲಿಯಿತ್ತು. ಚರ್ಮದ ಪಟ್ಟಿಯ ಮೇಲೆ ಶಾಯಿಯಲ್ಲಿ ಎರಡು ಇನಿಷಿಯಲ್. ಮೊದಲು ಅದನ್ನು ಬಟ್ಟೆಯಲ್ಲಿ ಸುತ್ತಿ, ಚೀಲ ಕಟ್ಟಿ, ಎರಡು ವಾರ ಫ್ರೀಜರಿನಲ್ಲಿಟ್ಟೆ. ನುಸಿಯ ಮೊಟ್ಟೆ ಸಾಯಿಸಲು ಅದೇ ದಾರಿ, ನುಸಿಗುಳಿಗೆಯ ವಾಸನೆ ಉಣ್ಣೆಯಿಂದ ಮತ್ತೆ ಹೋಗುವುದಿಲ್ಲ. ಆಮೇಲೆ ಆ ಸಂಖ್ಯೆಯ ಟೆಂಪಲ್ಲಿಗೆ ಕಾಗದ ಬರೆದೆ. ಜನವರಿಯ ಒಂದು ಶನಿವಾರ ಬೆಳಿಗ್ಗೆ ಎಂಬತ್ತು ದಾಟಿದ ಹಿರಿಯರೊಬ್ಬರು ಮಗಳ ಜೊತೆ ನಮ್ಮ ಮನೆಗೆ ಬಂದರು. ಟೋಪಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ಇನಿಷಿಯಲ್ ನೋಡಿದರು. ಯಾರದೆಂದು ಅವರಿಗೂ ತಿಳಿಯಲಿಲ್ಲ. ತಮ್ಮ ಅಪ್ಪನ ಮಾತು ತೆಗೆದರು. ಅಪ್ಪ ಎರಕದ ಕಾರ್ಖಾನೆಯಲ್ಲಿದ್ದರು, ಅಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, ಟೋಪಿ ಹಾಕಿಕೊಂಡು ಮೆರವಣಿಗೆಗೆ ಹೊರಟ ದಿನ ಮಾತ್ರ ಬೀದಿಯ ಉದ್ದಕ್ಕೂ ನೋಬಲ್, ನೋಬಲ್ ಎಂದು ಕರೆಯುತ್ತಿದ್ದರು ಎಂದರು.

ಇದನ್ನು ನೀವೇ ತೆಗೆದುಕೊಂಡು ಹೋಗಿ ಎಂದೆ. ಬೇಡ ಎಂದರು. ನಮ್ಮಲ್ಲಿ ಕಪಾಟು ತುಂಬ ಇವೆ, ನೋಡುವವರಿಲ್ಲ, ಇಲ್ಲೇ ಇರಲಿ, ಪ್ಲಾಸ್ಟಿಕ್ಕಿನಲ್ಲಿ ಮಾತ್ರ ಇಡಬೇಡಿ ಎಂದರು. ಹೊರಡುವ ಮುಂಚೆ ಪಕ್ಕದ ಗಾಜಿನ ಡಬ್ಬಿಯಲ್ಲಿದ್ದ ಕುಚ್ಚನ್ನು ಕಂಡು ಯಾರದೆಂದು ಕೇಳಿದರು. ಮುತ್ಯಾನ ಕಥೆ ಹೇಳಿದೆ. ಸಂಘ ಗಿಂಘ ಏನೂ ಇಲ್ಲ, ಕೆಲಸಕ್ಕೆ ಹೋಗುವಾಗ ದಿನಾ ಹಾಕುತ್ತಿದ್ದರು ಎಂದಾಗ ಅವರಿಗೆ ಆಶ್ಚರ್ಯ. ಕುಚ್ಚನ್ನು ಯಾವ ಕಡೆಗೆ ಬಿಡುತ್ತಿದ್ದರು, ಎಡಕ್ಕೋ ಬಲಕ್ಕೋ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಕಲಬುರಗಿಗೆ ಫೋನ್ ಹಚ್ಚಿದೆ. ಅಲ್ಲಿ ರಾತ್ರಿ ಹತ್ತರ ಸುಮಾರು, ಅವ್ವ ಮಲಗುವ ಹೊತ್ತು.

"ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಹಿಂದಕ್ಕ ಬಿಡ್ತಿದ್ನಂತ," ಎಂದಳು ಅವ್ವ. "ಸೈಕಲ್ ಮ್ಯಾಲ ಹೊಂಟ್ರ ಹಾರ್ತಿತ್ತಂತ. ನಮ್ಮವ್ವ ಬಾಗಲದಾಗ ನಿಂತು ನೋಡ್ತಿದ್ದಳಂತ. ಯಾಕ, ಈಗ್ಯಾಕ ಕೇಳ್ತಿ?"